ಡೊಂಕು

ನರೇಂದ್ರದ ಕೆರಿ ದಂಡಿಗೆ ನಮ್ಮ ಕುಲುಮಿ.
ತಿದಿ ಹೋಗಿ ಕರೆಂಟಿನ ಫ್ಯಾನು ಬಂದೈತಿ,
ಸಮ್ಮಟಗಿ ಮಾತ್ರ ಇನ್ನೂ ನನ್ನ ರಟ್ಟಿದು.
ಮಾನಪ್ಪ ಇಕ್ಕಳ ಹಿಡಿತಾನ, ನಾ ಹೊಡಿತೀನಿ.

ಯತ್ತಿನಗುಡ್ಡದ ಕೃಷಿ ಕಾಲೇಜಿನಿಂದ ಒಬ್ಬಂವ ಬಂದ.
ನಮ್ಮ ಬಾಗಲಾ ದಾಟಾಕ ತಲಿ ತಗ್ಗಸಬೇಕಾತು.
ಹಫ್ತೋಮ ಅಂತ ಹೆಸರು. ಇಥಿಯೋಪಿಯಾದ ಟಿಗ್ರಾಯ್ ಸೀಮಿಯಂವ.
ಜೋಳದ ಮ್ಯಾಲ ಓದಾಕ ಬಂದಾನಂತ.
‘ಜೋಳ ಹುಟ್ಟಿದ್ದ ನಮ್ಮ ಕಡೆ’ ಅಂದ, ಮುರುಕು ಕನ್ನಡದಾಗ.
ಮಾನಪ್ಪ ನಕ್ಕ: ‘ಮತ್ತ ಬಡ್ಡಿ ಕೇಳಾಕ ಬಂದೀಯೇನಪಾ?’

ಹತ್ತು ಕುಡಗೋಲು ಬೇಕಿದ್ದುವು ಅಂವಗ.
ಕುಂತು ನೋಡಿದ.
ಕಾಸಿದ ಪಟ್ಟಿ ನನ್ನ ಏಟಿಗೆ ಕೆಂಪಗ ಬಾಗೂ ಹೊತ್ತಿಗೆ
ಅಂವನ ಉಸುರು ನಿಂತದ್ದು ಕಂಡೆ.

ಇದ್ದಲಿ ತಗೊಂಡು ನೆಲದ ಮ್ಯಾಲ ಬರದ:
ಎರಡು ಮೊಳ ಉದ್ದ, ಎರಡೂ ಕಡೆ ಹರಿತ,
ಹುಣಸಿಕಾಯಿ ಹಂಗ ಡೊಂಕು.
‘ಶೋತೆಲ್. ನಮ್ಮಜ್ಜನ ಅಜ್ಜನ ಕತ್ತಿ.’
ವೈರಿ ತೊಗಲಿನ ಢಾಲು ಹಿಡದು ನಿಂತಾಗ
ನೆಟ್ಟನ ಕತ್ತಿ ಢಾಲಿಗೆ ಬಡದು ಅಲ್ಲೇ ನಿಲ್ಲತೈತಿ.
ಇದು ಹಂಗಲ್ಲ. ಢಾಲಿನ ದಂಡಿ ಬಳಸಿ
ಹಿಂದ ಅಡಗಿದ ಎದಿ ಹುಡಕತೈತಿ.

ಕುಲುಮಿ ಬಾಜೂಕ ಒಂದು ವೀರಗಲ್ಲು ಐತಿ, ಯಾರದೋ.
ನಮ್ಮ ಮಾವ, ಮಾವನ ಅಪ್ಪ
ಅದರ ಅಂಚಿಗೆ ಕುಡಗೋಲು ಮಸದು ಮಸದು
ಬೊಗಸಿಯಷ್ಟು ತಗ್ಗು ಬಿದ್ದೈತಿ.
ಕೆಳಗ ವೀರ ಢಾಲು ಹಿಡದಾನ,
ಮ್ಯಾಲ ಇಬ್ಬರು ಹೆಂಗಸರು ಅವನ ಎತಗೊಂಡು ಹೊಂಟಾರ.
ಹಫ್ತೋಮ ಆ ಕಲ್ಲಿನ ಢಾಲಿನ ಸುತ್ತ ಬೆರಳು ಆಡಿಸಿದ.
‘ನಮ್ಮಜ್ಜ ಇದ್ದಿದ್ರ, ಹಿಂಗ ಬರತಿದ್ದ,’
ಅಂದಂವ ವೀರನ ಪಕ್ಕಡಿ ಮ್ಯಾಲಿಂದ
ಬಾಳ ಹೊತ್ತು ಬೆರಳು ತಗೀಲಿಲ್ಲ.

ಉಂಡ ಜೋಳಕ್ಕ ಜೀವಾ ಕೊಡೂದು
ಆಗಿನ ಮಂದಿ ಲೆಕ್ಕ, ಜೋಳದ ಪಾಳಿ ಅಂತಿದ್ರು
ಅಂತ ನಮ್ಮ ಮಾವ ಹೇಳಿದ್ದನ್ನ ಹೇಳಿದೆ.
ಎಷ್ಟು ತಿಳೀತೋ ಅಂವಗ.

ಚಾ ಕುಡಿಯೂಮುಂದ ತಮ್ಮನ ಸುದ್ದಿ ತಗದ.
ಉಪ್ಪು ತರಾಕ ಸಂತಿಗೆ ಹೋಗಿದ್ದನಂತ.
ಆಕಾಶದಾಗ ನೊಣ ಗುಂಯ್‌ಗುಟ್ಟಿದಂಗ ಆತಂತ, ಅಷ್ಟ.
ಹೊಡದಂವ ಇವನ ಮಾರಿ ನೋಡಿಲ್ಲ.
ಇವನೂ ಅವನ ಮಾರಿ ನೋಡಿಲ್ಲ.
‘ಯಾವ ಕಡೆ ಹಿಡೀಬೇಕಿತ್ತು ಢಾಲು?’

ಫ್ಯಾನು ಬಂದ್ ಮಾಡಿದ ಮಾನಪ್ಪ.
‘ಮಾಡಿ ಕೊಡ್ಲ್ಯಾ ಆ ಕತ್ತಿ?’
ಹುಡುಗ ಮಾತಾಡಲಿಲ್ಲ. ಹೊಸಾ ಕುಡಗೋಲು ಒಂದು ತಗೊಂಡು
ಗಾಳ್ಯಾಗ ಆ ಕಡೆ ಬೀಸಿದ, ಏನೂ ಕೊಯ್ಯಲಿಲ್ಲ.
‘ಅಲ್ಲೋ ತಮ್ಮಾ,’ ಅಂದೆ ನಾ,
‘ತನ್ನ ಕಡೆ ಎಳಕೊಂಡ್ರನ ಕೊಯ್ತೈತಿ ಇದು.’
‘ಅದೂ ಹಂಗ,’ ಅಂದ.
‘ಸಾಯಾವ ಎದಿಗೆ ಬಂದು ಬೀಳತಿದ್ದ.’

ಹತ್ತನ್ನೂ ಹಳೇ ಗೋಣೀಚೀಲದಾಗ ಸುತ್ತಿಕೊಂಡು ಹೋದ.
ಚೀಟಿ ಬರಸಿಕೊಳ್ಳೂದು ಮರತ.

ನೆಲದ ಮ್ಯಾಲಿನ ಕತ್ತಿ ನಾ ಎರಡು ದಿನ ಕಸಬರಗಿ ಸೋಕಿಸಲಿಲ್ಲ.
ಮೂರನೇ ದಿನ ಮುಂಜಾನೆ ನೋಡಿದ್ರ
ಆ ಡೊಂಕಿನೊಳಗ
ಪಿಂಜಾರರ ಮನಿ ಕೋಳಿ ಬಂದು ಕುಂತಿತ್ತು,
ಬೂದಿ ಬೆಚ್ಚಗಿತ್ತು ಅಂತ ಕಾಣತೈತಿ.