ವಿಧೇಯ ಸೇವಕಿ

ಸೆಕೊಂಡಿಯ ಕಡಲ ದಂಡೆ. ಮೀನು ಸೀಳುತ್ತಲೇ
ಹೇಳುತ್ತಾಳೆ ಎಕುವಾ; ಮಗಳು ಬರೆಯುತ್ತಾಳೆ
ಲಂಡನ್ನಿನ ಹೆಂಗಸರ ಪತ್ರಿಕೆಗೆ:

'ನಮ್ಮನ್ನು ಉದ್ಧರಿಸಬೇಕೆಂದು ಬರೆದಿದ್ದೀರಿ.
ನನ್ನ ದೋಣಿ ನನ್ನದು, ಗಂಟೂ ನನ್ನದೇ.
ನಿಮ್ಮ ದೊರೆ ಬಂದಮೇಲೆ
ಕಂದಾಯದ ಪುಸ್ತಕದಲ್ಲಿ ಎರಡಕ್ಕೂ ಗಂಡನ ಹೆಸರು.
ನಿಮ್ಮಲ್ಲೂ ಹೀಗೆಯೇ?'

ಕೊನೆಗೆ ಮಗಳು, ಮಿಷನ್ ಶಾಲೆ ಕಲಿಸಿದಂತೆ,
'ತಮ್ಮ ಅತಿ ವಿಧೇಯ ಸೇವಕಿ.'
'ಯಾರ ಸೇವಕಿ? ಹೊಡೆದುಹಾಕು.'
'ಅದಿಲ್ಲದೆ ಕಾಗದ ಮುಗಿಯೋದೇ ಇಲ್ಲಮ್ಮ.'
ಉಪ್ಪು ಮೆತ್ತಿದ ಹೆಬ್ಬೆಟ್ಟು ಒತ್ತಿದಳು,
ಆ ಸಾಲಿನ ಮೇಲೇ.

ಮಳೆ ಮುಗಿದ ಮೇಲೆ ಉತ್ತರ.
ಹವೆಯ ಬಗ್ಗೆ, ದೇವರ ಬಗ್ಗೆ ಎರಡು ಪುಟ.
ಅಡಿಯಲ್ಲಿ ಹಸಿರು ಶಾಯಿ:
ತಮ್ಮ ವಿಧೇಯ ಸೇವಕಿ, ವಿನಿಫ್ರೆಡ್ ಹ್ಯಾಲೋಸ್.

'ಹೌದಾ!' ಎಂದಳು ಎಕುವಾ, ಹುರುಪೆ ಹೆರೆಯುತ್ತ.
'ಸೋಮವಾರ ಬೆಳಗ್ಗೆಯೇ ಬರಲಿ.
ಚೂರಿ ತಾನೇ ತರಬೇಕು.'