ಹತ್ತರಲ್ಲಿ ಒಂಬತ್ತು ಮನೆ

ಕಾಗದ ಬರೆಯುವುದು ನನ್ನ ಕೆಲಸ.
ಗ್ರಿಮ್ಸ್‌ಬಿ ನಗರಸಭೆ, ಎರಡನೇ ಮಹಡಿ,
ಬಾಕಿ ವಸೂಲಿ ವಿಭಾಗ. ಕಿಟಕಿ ತೆರೆದರೆ
ಬಂದರಿನ ಮೀನುವಾಸನೆ, ಮೀನು ಬರುವುದು ನಿಂತಿದ್ದರೂ.

ಹಳೆಯ ಕಾಗದ ನನಗಿಂತ ಹಿರಿಯದು:
ಎರಡು ಪುಟ, ಹದಿನಾಲ್ಕು ಕಲಮು,
'ತಪ್ಪಿದಲ್ಲಿ' ಎಂಬ ಪದ ಒಂಬತ್ತು ಸಲ.
ಕಟ್ಟಬೇಕಾದ ಮೊತ್ತ ಮಾತ್ರ
ಹಿಂಬದಿಯ ಬುಡದಲ್ಲೆಲ್ಲೋ
ಮುನಿದ ಮಗುವಿನ ಹಾಗೆ ಕೂತಿತ್ತು.

ಲಂಡನ್ನಿನಿಂದ ಪಿಯರ್ಸ್ ಹ್ಯಾಲಮ್ ಬಂದ,
ಕಾಲುಚೀಲವಿಲ್ಲದ ಬೂಟು, ಗೋಡೆಯ ತುಂಬ ಗೀಟು.
"ಹೆದರಿಸಬೇಡಿ, ನಾಚಿಸಿ" ಅಂದ.
"ಒಂದೇ ಸಾಲು ಸೇರಿಸಿ ಸಾಕು:
ನಿಮ್ಮ ಬೀದಿಯ ಹತ್ತು ಮನೆಗಳಲ್ಲಿ
ಒಂಬತ್ತು ಈಗಾಗಲೇ ಕಟ್ಟಿವೆ."
ಸಾಲಕ್ಕೆ ಸಾಲೇ ಮದ್ದು! ನಕ್ಕೆ.
ಸೇರಿಸಿದೆ.

ಹಣ ಬಂತು, ಸುಳ್ಳು ಹೇಳಬಾರದು.
ಗೀಟು ಮೇಲೇರಿತು. ಯಾರೋ ಕೇಕು ತಂದರು.
ಚೂರು ಬಾಯಲ್ಲಿರುವಾಗಲೇ ಫೋನು.

"ಎನಿಡ್ ಸ್ಟಾಮರ್ಸ್, ಕೊರಾಕಲ್ ಬೀದಿ, ಹದಿನೇಳು.
ಕಟ್ಟದ ಆ ಒಬ್ಬಳು ನಾನೇ, ಸರಿ.
ಉಳಿದ ಒಂಬತ್ತು ಯಾರು, ಮಗಾ?"

ಹೆಸರು ಹೇಳುವಂತಿಲ್ಲ ಅಂದೆ.

"ಬೇಡ ಬಿಡು, ನಾನೇ ಹೇಳ್ತೀನಿ.
ಹದಿಮೂರಕ್ಕೆ ಹಲಗೆ ಬಡಿದು ನಾಲ್ಕು ವರ್ಷ ಆಯ್ತು.
ಹದಿನೈದು ಸುಟ್ಟುಹೋಯ್ತು.
ಹತ್ತೊಂಬತ್ತರಲ್ಲಿ ಪಾರಿವಾಳ ಇವೆ,
ಅವೇನಾದರೂ ಕಟ್ಟಿದ್ರೆ ಗೊತ್ತಿಲ್ಲ.
ಇಪ್ಪತ್ತೊಂದರ ಡೆಸ್ಮಂಡ್ ಮೊನ್ನೆ ನನ್ನ ಹತ್ರಾನೇ
ಮೀಟರಿಗೆ ಅಂತ ಐದು ಪೌಂಡು ಇಸ್ಕೊಂಡ.
ಇಡೀ ಬೀದೀಲಿ ದೀಪ ಹತ್ತೋದು ಮೂರು ಮನೇಲಿ.
ಆ ಒಂಬತ್ತು ಮನೆಯ ಬೀದಿ ಎಲ್ಲಿದೆ ಹೇಳು,
ಅಲ್ಲಿಗೇ ಹೋಗಿ ಇದ್ದುಬಿಡ್ತೀನಿ."

ಅದು ಇಡೀ ಊರಿನ ಸರಾಸರಿ ಎನ್ನಲು ಹೋದೆ.
ಕೇಕು ಗಂಟಲಲ್ಲಿ ಅಡ್ಡ ಬಂತು. ಒಳ್ಳೆಯದೇ ಆಯಿತು.

ಶನಿವಾರ ಅವಳ ಮನೆಗೆ ಹೋದೆ, ನಿಯಮದಲ್ಲಿಲ್ಲ.
ಬ್ರೆಡ್ಡಿನ ಡಬ್ಬದ ಹಿಂದಿನಿಂದ
ಒಡೆಯದ ಲಕೋಟೆಗಳನ್ನು ಎರಡೂ ಕೈಯಲ್ಲಿ ಬಾಚಿ ತಂದಳು,
ಒಣಗಿದ ಬಟ್ಟೆ ತಂದಂತೆ.
ನಮ್ಮವು ಹನ್ನೊಂದು.
ನಮ್ಮದೇ ಮೂರನೇ ಮಹಡಿಯವು ಆರು,
ಮನೆಬಾಡಿಗೆಯ ನೆರವು ತಪ್ಪಿ ಹೆಚ್ಚು ಕೊಟ್ಟೆವು, ಮರಳಿಸಿ ಎಂದು.
ಪಿಂಚಣಿಯವರದು ಮೂರು. ಕೋರ್ಟಿನ ದಂಡ ಒಂದು, ಕೆಂಪು.
ಒಂದೇ ಹಸು, ಕರೆಯುವವರು ನಾಲ್ವರು,
ಒಬ್ಬರ ಮುಖ ಒಬ್ಬರು ನೋಡಿದವರಲ್ಲ,
ಹುಲ್ಲಿನ ಮಾತು ಯಾರದೂ ಇಲ್ಲ.

"ಯಾರಿಗೆ ಮೊದಲು ಕೊಡ್ತೀರಿ?"
"ಜಾಸ್ತಿ ಬೊಗಳಿದವರಿಗೆ."

ಸೋಮವಾರ ಮೂರನೇ ಮಹಡಿಗೆ ಹತ್ತಿದೆ.
ಇಪ್ಪತ್ತೆರಡು ಮೆಟ್ಟಿಲು. ಹನ್ನೆರಡು ವರ್ಷದ ನೌಕರಿಯಲ್ಲಿ
ಮೊದಲ ಸಲ. ಮಾರ್ಗಿ ಪಾಡ್ಜಿ ಎಂಬಾಕೆ
ಕನ್ನಡಕ ಹಣೆಗೇರಿಸಿ ಅಂದಳು:
"ಎನಿಡ್ ನಿಮ್ಮವಳೂ ಹೌದಾ?"
ಎರಡು ಹಾಳೆ ಒಂದರ ಮೇಲೊಂದಿಟ್ಟು
ಕಿಟಕಿಯ ಬೆಳಕಿಗೆ ಹಿಡಿದೆವು.
ಪಿಂಚಣಿಯವರು ಆಮೇಲೆ ಒಪ್ಪಿದರು.
ಕೋರ್ಟಿನವರು ಫೋನೇ ಎತ್ತಲಿಲ್ಲ.

ಈಗಿನ ಕಾಗದ ಅರ್ಧ ಪುಟ.
ಮೊತ್ತ ತಲೆಯ ಮೇಲೇ, ಎಲ್ಲರದೂ ಸೇರಿಸಿ ಒಂದು.
ಕೆಳಗೆ: ವಾರಕ್ಕೆ ಎಷ್ಟಾಗುತ್ತದೆ, ದಯವಿಟ್ಟು ತಿಳಿಸಿ.
('ದಯವಿಟ್ಟು' ಮೇಲಧಿಕಾರಿ ಹೊಡೆದುಹಾಕಿದರು.
ಮತ್ತೆ ಬರೆದೆ. ಮೂರು ವಾರ ನಡೆಯಿತು ಈ ಯುದ್ಧ.)
ಕೊನೆಗೆ ನನ್ನ ಹೆಸರು, ನನ್ನ ಮೇಜಿನದೇ ನಂಬರು.

ಎನಿಡ್ ಶುಕ್ರವಾರ ಬಿಟ್ಟು ಶುಕ್ರವಾರ ಹನ್ನೊಂದು ಪೌಂಡು ಕಟ್ಟುತ್ತಾಳೆ.
ಬ್ಯಾಂಕಿನಿಂದ ತಾನೇ ಬರುತ್ತದೆ, ಫೋನು ಬೇಕಿಲ್ಲ.
ಆದರೂ ಮಾಡುತ್ತಾಳೆ.
"ಡೆಸ್ಮಂಡ್ ಮನೆ ಖಾಲಿ ಮಾಡಿದ. ಬೀದಿಯ ಲೆಕ್ಕ ಬರ್ಕೋ ಮಗಾ,
ಈ ವಾರ ದೀಪ ಎರಡೇ."
ಬರೆದುಕೊಳ್ಳುತ್ತೇನೆ, ಕಡತದ ಅಂಚಿನಲ್ಲಿ, ಪೆನ್ಸಿಲಿನಲ್ಲಿ.
ಅದಕ್ಕೆ ನಮ್ಮಲ್ಲಿ ಕಾಲಮ್ಮಿಲ್ಲ.