ಕಡಲು ಯಾವ ಕಡೆಗೆ

ಎರಡನೇ ಸಲ ಬಂದಾಗ ಅವಳು ಕುಂಟುತ್ತಿರಲಿಲ್ಲ.
ನನಗೆ ಹೆದರಿಕೆಯಾದದ್ದು ಅದಕ್ಕೇ.
ನೋವನ್ನು ನಡಿಗೆಯೊಳಗೆ ಮಡಚಿಡಲು ಕಲಿತಿದ್ದಳು,
ಮೀನು ಮಾರಿದ ಚಿಲ್ಲರೆಯನ್ನು
ಸೆರಗಿನ ತುದಿಗೆ ಗಂಟು ಹಾಕುವ ಅವಳ ಅಮ್ಮನ ಹಾಗೆ.

ಸಮೀಕ್ಷಾ ದುರ್ಗೇಕರ. ಹದಿನಾರು. ಬೈತಖೋಲ.
ಮೂರು ಸಾವಿರ ಮೀಟರ್.
ಎಡಗಣಕಾಲಿನ ಎಲುಬು,
ಹೋದ ವರ್ಷ ಕೂಡಿಕೊಂಡ ಜಾಗದಿಂದ ಎರಡು ಬೆರಳು ಮೇಲೆ
ಮತ್ತೊಂದು ಗೆರೆ.
ಎಕ್ಸ್‌ರೇ ಏನೂ ಇಲ್ಲ ಅಂದಿತ್ತು;
ಮಡಗಾಂವಿಗೆ ಹೋಗಿ ತಂದ ಎಂಆರ್‌ಐ ಇದೆ ಅಂದಿತು.

"ಆರು ವಾರ ಸುಮ್ಮನೆ ಕೂತಿದ್ದೆನಲ್ಲ, ಕೂಡಿತ್ತಲ್ಲ?"
ಕೂಡಿತ್ತು. ಕೂಡೂದು ಎಲುಬಿನ ಕೆಲಸ.
ಎಂತಕ್ಕೆ ಬಿರಿಯಿತು ಎಂದು ಕೇಳೂದು ನಮ್ಮದು.
ಯಾರೂ ಕೇಳಿರಲಿಲ್ಲ.
ಪ್ಲಾಸ್ಟರ್ ಬಿಚ್ಚಿದ ಮರುವಾರವೇ
ಕೋಚ್ ಸಾಹೇಬರ ಸೀಟಿ, ಹಳೆಯ ಕಿಲೋಮೀಟರು.

ಕೇಳಿದೆ. ಎಲ್ಲಿ ಓಡ್ತಿ?
ದಂಡೆ ಮೇಲೆ, ಒದ್ದೆ ಮರಳಲ್ಲಿ.
ಎಲ್ಲಿಂದ? ಬಂದರದ ಕಡೆಯಿಂದ, ಕಾಳಿ ಸೇರುವಲ್ಲಿ ತನಕ.
ವಾಪಸ್?
ಅಣ್ಣ ಕೋಡಿಬಾಗಕ್ಕೆ ಐಸು ಹಾಕಲು ಬರ್ತಾನೆ, ಅವನ ಟೆಂಪೋದಲ್ಲಿ.
ದಿನಾ? ದಿನಾ.

ಪೆನ್ನು ಕೆಳಗಿಟ್ಟೆ.
ಎರಡು ವರ್ಷ ಈ ಹುಡುಗಿ ಬರೀ ಉತ್ತರಕ್ಕೆ ಓಡಿದ್ದಾಳೆ,
ಕಡಲು ಯಾವತ್ತೂ ಎಡಕ್ಕೆ,
ದಂಡೆ ಯಾವತ್ತೂ ಎಡಕ್ಕೆ ಇಳಿಜಾರು,
ಒಂದು ಕಾಲು ಯಾವತ್ತೂ ತಗ್ಗಿನಲ್ಲಿ.
ಊರಿಗೆ ಊರೇ ಸಂಜೆ ಬಂದು ಕಡಲೆ ತಿನ್ನುತ್ತ ಕೂರುವ ಮರಳು
ಇಷ್ಟು ಓರೆ ಎಂದು
ಅವಳ ಎಲುಬಿಗೆ ಮಾತ್ರ ಗೊತ್ತಿತ್ತು.

ಮರಳನ್ನೊಂದೇ ದೂರಿದರೆ ಆಗದು.
ಬಾಗಿಲು ಹಾಕಿ, ಸಣ್ಣ ದನಿಯಲ್ಲಿ, ಇನ್ನೊಂದು ಕೇಳಿದೆ.
ಐದು ತಿಂಗಳಾಯ್ತು ಆಗದೇ, ಎಂದಳು ಗೋಡೆ ನೋಡುತ್ತ.
"ಓಡುವವರಿಗೆ ಹಾಗೇ ಅಂತೆ. ಚಲೋನೇ ಅಂತೆ."
ಚಲೋ ಅಲ್ಲ ಮಾರಾಯ್ತಿ.
ಅದು ಮೈ ಕಳಿಸಿದ ನೋಟೀಸು:
ಖರ್ಚಿಗೆ ಸಾಲುತ್ತಿಲ್ಲ,
ಎಲುಬಲ್ಲಿಟ್ಟ ಗಂಟು ಬಿಚ್ಚುತ್ತಿದ್ದೇನೆ.

ಹೊರಗೆ ಬೆಂಚಿನ ಮೇಲೆ ಅವಳಮ್ಮ, ಮಾರ್ಕೆಟ್ಟಿಂದ ನೇರ ಬಂದವಳು,
ಮೊಣಕೈಗೆ ಅಂಟಿದ ಒಂದು ಹುರುಪೆ ಟ್ಯೂಬ್‌ಲೈಟಿಗೆ ಹೊಳೆಯುತ್ತಿತ್ತು.
ಊರಿಗೆಲ್ಲ ತಾರ್ಲೆ ತೂಗಿ ಕೊಡುವವಳ ಮಗಳು
ಹಗುರಾಗಬೇಕೆಂದು ಅನ್ನ ಬಿಟ್ಟಿದ್ದಾಳೆಂದು
ನಾನು ಹೇಳಬೇಕಾಯಿತು.
ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ,
"ಸಣ್ಣ ತಾರ್ಲೆ ಮುಳ್ಳು ಸಮೇತ ತಿನ್ನಬಹುದಲ್ಲ?"
ತಿನ್ನಬೇಕು, ಎಂದೆ.
ಲೇಡಿ ಡಾಕ್ಟರಿಗೂ ಒಂದು ಚೀಟಿ ಬರೆದೆ.

ಆಮೇಲಿನದು ಬೇಸರದ ಕೆಲಸ.
ಮೆಟ್ಟಿಲ ಅಂಚಲ್ಲಿ ಹಿಮ್ಮಡಿ ಎತ್ತೂದು,
ಎತ್ತಿದ್ದಕ್ಕಿಂತ ನಿಧಾನ ಇಳಿಸೂದು.
ಒಂಟಿ ಕಾಲಲ್ಲಿ ನಿಂತು ಹಲ್ಲುಜ್ಜೂದು, ಸೊಂಟ ಜಾರದ ಹಾಗೆ.
ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ.
"ವಾಕಿಂಗಿನ ಅಜ್ಜಂದಿರು ದಾಟಿ ಹೋಗ್ತಾರೆ ಅಕ್ಕೋರೆ"
ಎಂದು ಅತ್ತಳು.
ಹೋಗಲಿ ಬಿಡು.
ಹೆಜ್ಜೆ ಸಣ್ಣದು ಮಾಡು. ಸದ್ದು ಕಡಿಮೆ ಮಾಡು.
ನಿನ್ನ ಕಾಲು ಬಿದ್ದದ್ದು ಬಿಲದ ಏಡಿಗೂ ಕೇಳಬಾರದು.

ನನ್ನ ಬಲಪಾದದಲ್ಲೊಂದು ಉಬ್ಬು ಇದೆ,
ಹತ್ತೊಂಬತ್ತರಲ್ಲಿ ಆದದ್ದು, ಮೂರನೇ ಸಲದ್ದು.
ಅವಳಿಗೆ ತೋರಿಸಲಿಲ್ಲ.
ತೋರಿಸಿದ್ದರೆ ಬೇಗ ಮಾತು ಕೇಳುತ್ತಿದ್ದಳೇನೋ.

ಜನವರಿಯಲ್ಲಿ ಕಾಳಿಯ ಬಾಯಿಂದ ತಿರುಗಿ
ಮೊದಲ ಸಲ ದಕ್ಷಿಣಕ್ಕೆ ಓಡಿದಳಂತೆ.
ಕಡಲು ಬಲಕ್ಕೆ, ದೇವಗಡದ ದೀಪ ಬಲಗಣ್ಣಿಗೆ.
"ಬೇರೆಯೇ ಊರು ಕಂಡ ಹಾಗಾಯ್ತು."
ಖುಷಿಯಾಯಿತು. ಆದರೆ ನಾನು ಕಾಯುತ್ತಿದ್ದದ್ದು ಅದಕ್ಕಲ್ಲ.

ಮಾರ್ಚಿನ ಒಂದು ಮಂಗಳವಾರ,
ಮೀಟಿಗೆ ಹನ್ನೊಂದು ದಿನ ಇರುವಾಗ,
ಬೆಳಗ್ಗೆ ಆರಕ್ಕೆ ಫೋನಲ್ಲಿ ಅವಳ ದನಿ,
ಹಿಂದೆ ಐಸು ಒಡೆಯುವ ಸದ್ದು:
"ಬೆರಳಿಟ್ಟರೆ ಒಂದೇ ಕಡೆ ನೋಯ್ತದೆ ಅಕ್ಕೋರೆ.
ಕೋಚಿಗೆ ನಾನೇ ಹೇಳಿದೆ. ಇವತ್ತು ಓಡಲಿಲ್ಲ."

ಫೈಲು ತೆಗೆದೆ, ತಾರೀಕು ಹಾಕಿದೆ.
ಓಡಲಿಲ್ಲ, ಎಂದು ಬರೆದು
ಅದರಡಿಗೆ ಗೆರೆ ಎಳೆದೆ,
ಎರಡು ಸಲ.